ಪೆನಿಸಿಲಿನ್ ಆಗುವುದಿಲ್ಲ ಎಂದವರ ರಕ್ತಪರೀಕ್ಷೆ



ಮಂಗಲ್ಪಾಡಿಯಿರಲಿ, ಬದಿಯಡ್ಕವಿರಲಿ, ಕಾಸರಗೋಡಿನ ಜನರಲ್ ಆಸ್ಪತ್ರೆಯಿರಲಿ, ಗಡಿ ದಾಟಿ ಮಂಗಳೂರಿನ ವೆನ್ಲಾಕ್‌ಗೇ ಹೋಗಿರಲಿ, ಸೂಜಿ ಕೊಡುವ ಮೊದಲು ನಿಮ್ಮನ್ನು ಕೇಳುವ ಪ್ರಶ್ನೆ ಒಂದುಂಟು: ‘ಯಾವುದಾದರೂ ಮದ್ದಿನ ಅಲರ್ಜಿ ಉಂಟೋ?’ ಇದಕ್ಕೆ ನಮ್ಮವರ ಉತ್ತರ ಮೂರು ಭಾಷೆಗಳಲ್ಲಿರುತ್ತದೆ. ಕನ್ನಡದಲ್ಲಿ ‘ಆ ಮದ್ದು ನನಗೆ ಆಗುವುದಿಲ್ಲ’, ತುಳುವಿನಲ್ಲಿ ‘ಆಪುಜಿ’, ಮಲಯಾಳದಲ್ಲಿ ‘ಪಿಡಿಕ್ಕಿಲ್ಲ’. ಆದರೆ ಒಬ್ಬರಿಗೆ ‘ಆಗುವುದಿಲ್ಲ’ ಎಂದರೆ ಮಾತ್ರೆ ನುಂಗಿದ ಮೇಲೆ ಹೊಟ್ಟೆ ಉರಿದದ್ದು. ಇನ್ನೊಬ್ಬರಿಗೆ ಎರಡು ದಿನ ಭೇದಿಯಾದದ್ದು. ಮತ್ತೊಬ್ಬರಿಗೆ ಸೂಜಿ ಚುಚ್ಚಿದ ಹತ್ತು ನಿಮಿಷದೊಳಗೆ ಮೈಯೆಲ್ಲ ದದ್ದು ಎದ್ದು, ಉಸಿರು ಕಟ್ಟಿ, ಕಣ್ಣು ಕತ್ತಲೆ ಬಂದು ಬಿದ್ದದ್ದು. ಮೊದಲಿನೆರಡು ಅಲರ್ಜಿಯಲ್ಲ, ಮದ್ದಿನ ಅಡ್ಡಪರಿಣಾಮ. ಮೂರನೆಯದು ಅಲರ್ಜಿ, ಅದೂ ಪ್ರಾಣಕ್ಕೆ ಬರುವಂಥದ್ದು. ಚೀಟಿಯಲ್ಲಿ ಮಾತ್ರ ಮೂವರ ಹೆಸರಿನ ಮುಂದೆಯೂ ಒಂದೇ ಶಬ್ದ ಬೀಳುತ್ತದೆ.

ಈಗ ಪೇಟೆಪೇಟೆಯಲ್ಲಿ ಲ್ಯಾಬುಗಳಾಗಿವೆ. ಆದುದರಿಂದ ಮನೆಯವರು ಹೇಳುವುದು ಒಂದೇ ಮಾತು: ‘ಒಂದು ರಕ್ತಪರೀಕ್ಷೆ ಮಾಡಿಸಿಬಿಡುವ, ಉಂಟೋ ಇಲ್ಲವೋ ತಿಳಿದು ಹೋಗಲಿ.’ ಸಕ್ಕರೆ ಕಾಯಿಲೆಗೆ ಹೇಗೋ ಹಾಗೆ ಇದಕ್ಕೂ ಎಂಬ ನಂಬಿಕೆ. ನಾನು ವೈದ್ಯನಲ್ಲ, ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕಾಗದದಲ್ಲಿ ಬರೆದದ್ದಕ್ಕೂ ನಿಜವಾಗಿ ನಡೆದದ್ದಕ್ಕೂ ತಾಳೆ ಉಂಟೋ ಎಂದು ನೋಡುವುದು ಮಾತ್ರ ನನಗೆ ಅಭ್ಯಾಸ. ಈ ರಕ್ತಪರೀಕ್ಷೆಯ ಕಾಗದವನ್ನು ಹಾಗೆ ತಾಳೆ ನೋಡಿದರೆ ಏನು ಸಿಗುತ್ತದೆ ಎಂಬುದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಒಳಗೆ ನಡೆಯುವುದೇನೆಂದು ತಿಳಿಯೋಣ. ಪೆನಿಸಿಲಿನ್ ಬಹಳ ಸಣ್ಣ ಕಣ. ಅದು ಒಂಟಿಯಾಗಿ ಬಂದರೆ ನಮ್ಮ ಶರೀರದ ಕಾವಲುಗಾರರ ಕಣ್ಣಿಗೆ ಬೀಳುವುದೇ ಇಲ್ಲ. ಆದರೆ ರಕ್ತದಲ್ಲಿರುವ ಪ್ರೋಟೀನಿಗೆ ಅಂಟಿಕೊಂಡಾಗ ಅದರ ರೂಪ ಬದಲಾಗುತ್ತದೆ. ಕೆಲವರ ಶರೀರ ಮಾತ್ರ ಆ ಹೊಸ ರೂಪವನ್ನು ಶತ್ರುವೆಂದು ತಿಳಿದು, ಅದರ ಗುರುತು ಹಿಡಿಯುವ ಒಂದು ಪ್ರತಿಕಾಯವನ್ನು ತಯಾರಿಸಿ ಇಡುತ್ತದೆ. ಈ ಪ್ರತಿಕಾಯದ ಹೆಸರು ಐಜಿಇ. ೧೯೬೬ರಲ್ಲಿ ಅಮೆರಿಕದ ಡೆನ್ವರಿನಲ್ಲಿ ಜಪಾನಿನ ಇಶಿಝಾಕಾ ದಂಪತಿಗಳೂ, ಅದೇ ಸುಮಾರಿಗೆ ಸ್ವೀಡನಿನ ಉಪ್ಸಾಲಾದಲ್ಲಿ ಯೊಹಾನ್ಸನ್ ಮತ್ತು ಬೆನಿಕ್ ಎಂಬವರೂ ಬೇರೆ ಬೇರೆಯಾಗಿ ಇದನ್ನು ಕಂಡುಹಿಡಿದರು. ೧೯೬೮ರಲ್ಲಿ ಹೆಸರು ನಿಶ್ಚಯವಾಯಿತು. ಮುಂದಿನ ಸಲ ಅದೇ ಮದ್ದು ಬಂದರೆ, ಐಜಿಇಯನ್ನು ಹೊತ್ತುಕೊಂಡು ಕುಳಿತ ಕಣಗಳು ಒಮ್ಮೆಲೇ ಒಡೆದು ಹಿಸ್ಟಮಿನ್ ಮೊದಲಾದುವನ್ನು ಸುರಿಯುತ್ತವೆ. ದದ್ದು, ತುರಿಕೆ, ತುಟಿ ಊದುವುದು, ಉಬ್ಬಸ, ರಕ್ತದೊತ್ತಡ ಕುಸಿಯುವುದು ಎಲ್ಲವೂ ಅದರಿಂದ. ಹೆಚ್ಚಾಗಿ ಒಂದು ಗಂಟೆಯೊಳಗೆ ಆಗುವ ಕೆಲಸ ಇದು.

ಲ್ಯಾಬಿನವರು ಹುಡುಕುವುದು ಈ ಐಜಿಇಯನ್ನು. ಪೆನಿಸಿಲಿನಿನ ರೂಪವನ್ನು ಒಂದು ಗಟ್ಟಿ ವಸ್ತುವಿಗೆ ಅಂಟಿಸಿ ಇಟ್ಟಿರುತ್ತಾರೆ. ಅದರ ಮೇಲೆ ನಿಮ್ಮ ರಕ್ತದ ನೀರನ್ನು ಹಾಕುತ್ತಾರೆ. ಗುರುತು ಹಿಡಿಯುವ ಐಜಿಇ ಇದ್ದರೆ ಅಲ್ಲಿಗೆ ಕಚ್ಚಿಕೊಳ್ಳುತ್ತದೆ, ಉಳಿದದ್ದು ತೊಳೆದು ಹೋಗುತ್ತದೆ. ಕಚ್ಚಿಕೊಂಡದ್ದು ಎಷ್ಟೆಂದು ಅಳೆಯುತ್ತಾರೆ. ೧೯೬೭ರಲ್ಲಿ ಉಪ್ಸಾಲಾದವರು ಈ ವಿಧಾನವನ್ನು ಪ್ರಕಟಿಸಿದಾಗ ಅಳತೆಗೆ ವಿಕಿರಣ ವಸ್ತು ಬೇಕಾಗಿತ್ತು, ಈಗ ಹೊಳೆಯುವ ಬಣ್ಣ ಸಾಕು.

ಬ್ಯಾಂಕಿನಲ್ಲಿ ಸಹಿ ತಾಳೆ ನೋಡಲಿಕ್ಕೆ ಮಾದರಿ ಸಹಿಯ ಕಾರ್ಡು ಇರುತ್ತದಲ್ಲ, ಇದೂ ಹಾಗೆಯೇ. ಲ್ಯಾಬಿನ ಪೆಟ್ಟಿಗೆಯಲ್ಲಿ ಯಾರ ಕಾರ್ಡು ಉಂಟೋ ಅವರನ್ನು ಮಾತ್ರ ಹಿಡಿಯಬಹುದು. ಆ ಪೆಟ್ಟಿಗೆಯಲ್ಲಿರುವ ಕಾರ್ಡುಗಳಾದರೋ ಬೆರಳೆಣಿಕೆಯವು: ಪೆನಿಸಿಲಿನ್ ಜಿ, ಪೆನಿಸಿಲಿನ್ ವಿ, ಆಂಪಿಸಿಲಿನ್, ಅಮಾಕ್ಸಿಸಿಲಿನ್, ಸೆಫಾಕ್ಲೋರ್. ನಮ್ಮ ಆಸ್ಪತ್ರೆಗಳಲ್ಲಿ ದಿನಬೆಳಗಾದರೆ ಹಾಕುವ ಸೆಫ್ಟ್ರಿಯಾಕ್ಸೋನ್ ಆಗಲಿ, ಅಜಿತ್ರೋಮೈಸಿನ್, ಸಿಪ್ರೋಫ್ಲಾಕ್ಸಾಸಿನ್ ಆಗಲಿ ಆ ಸಾಲಿನಲ್ಲಿಲ್ಲ. ಅಂಥ ಮದ್ದಿನಿಂದ ದದ್ದು ಎದ್ದವನು ಪೆನಿಸಿಲಿನ್ ಪರೀಕ್ಷೆ ಮಾಡಿಸಿಕೊಂಡು ‘ನನಗೆ ಏನೂ ಇಲ್ಲವಂತೆ’ ಎಂದು ಬಂದರೆ, ಕೇಳದ ಪ್ರಶ್ನೆಗೆ ಉತ್ತರ ತಂದ ಹಾಗೆ.

ಕಾರ್ಡು ಇರುವ ಪೆನಿಸಿಲಿನಿನ ವಿಷಯದಲ್ಲಾದರೂ ಈ ಪರೀಕ್ಷೆ ನಂಬಿಕೆಗೆ ಯೋಗ್ಯವೋ? ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೨೧ರಲ್ಲಿ ಒಂದು ಲೆಕ್ಕ ಪ್ರಕಟವಾಯಿತು. ನಿಜವಾಗಿ ಪೆನಿಸಿಲಿನ್ ಅಲರ್ಜಿ ಇರುವ ೧೦೦ ಮಂದಿಯಲ್ಲಿ ರಕ್ತಪರೀಕ್ಷೆ ಹಿಡಿದುಕೊಟ್ಟದ್ದು ಸುಮಾರು ೧೯ ಮಂದಿಯನ್ನು. ಚರ್ಮದ ಪರೀಕ್ಷೆಯಾದರೂ ಸುಮಾರು ೩೧ ಮಂದಿಯನ್ನೇ. ಅಲರ್ಜಿ ಇಲ್ಲದವರಿಗೆ ‘ಇಲ್ಲ’ ಎಂದು ಹೇಳುವುದರಲ್ಲಿ ಮಾತ್ರ ಎರಡೂ ಗಟ್ಟಿ, ನೂರಕ್ಕೆ ೯೭ರಷ್ಟು ಸರಿ.

ಇನ್ನೊಂದು ಅಂಕಿಯನ್ನೂ ಪಕ್ಕದಲ್ಲಿಡಿ. ಅಮೆರಿಕದಲ್ಲಿ ಹತ್ತರಲ್ಲಿ ಒಬ್ಬರ ದಾಖಲೆಯಲ್ಲಿ ‘ಪೆನಿಸಿಲಿನ್ ಅಲರ್ಜಿ’ ಎಂದು ಬರೆದಿರುತ್ತದೆ. ಅವರನ್ನು ಸರಿಯಾಗಿ ಪರೀಕ್ಷಿಸಿದಾಗ ನೂರಕ್ಕೆ ೯೦ಕ್ಕಿಂತ ಹೆಚ್ಚು ಮಂದಿಗೆ ಪೆನಿಸಿಲಿನ್ ಏನೂ ಮಾಡುವುದಿಲ್ಲ ಎಂದು ಕಂಡುಬಂದಿದೆ. ಹಾಗಾದರೆ ಹಣೆಪಟ್ಟಿ ಹೊತ್ತ ೧೦೦ ಮಂದಿಯಲ್ಲಿ ನಿಜವಾದ ಅಲರ್ಜಿಯವರು ೫ ಎಂದು ಇಟ್ಟುಕೊಳ್ಳಿ. ಎಲ್ಲರ ರಕ್ತ ತೆಗೆಸಿದೆವು. ಆ ಐದರಲ್ಲಿ ಪರೀಕ್ಷೆ ಹಿಡಿಯುವುದು ಒಬ್ಬನನ್ನು, ನಾಲ್ವರನ್ನು ‘ಇಲ್ಲ’ ಎಂದು ಕಳುಹಿಸುತ್ತದೆ. ಉಳಿದ ೯೫ ಮಂದಿಯಲ್ಲಿ ಎರಡು ಮೂರು ಮಂದಿಗೆ ಸುಮ್ಮನೆ ‘ಉಂಟು’ ಎನ್ನುತ್ತದೆ. ಅಂದರೆ ‘ಉಂಟು’ ಎಂಬ ಕಾಗದ ಹಿಡಿದ ಮೂರು ನಾಲ್ಕು ಮಂದಿಯಲ್ಲಿ ನಿಜವಾದವನು ಒಬ್ಬನೇ, ನಿಜವಾದ ಅಪಾಯದ ನಾಲ್ವರು ‘ಇಲ್ಲ’ ಎಂಬ ಕಾಗದ ಹಿಡಿದು ಮನೆಗೆ ಹೋದರು. ಇಂಥ ತಾಳೆಪಟ್ಟಿಯನ್ನು ಯಾವ ಮೆನೇಜರೂ ಸಹಿ ಹಾಕಿ ಒಪ್ಪಲಾರ.

ಹಾಗೆಂದು ಪರೀಕ್ಷೆ ನಿಷ್ಪ್ರಯೋಜಕ ಎಂದಲ್ಲ. ಸೂಜಿ ಹಾಕಿದ ಹತ್ತು ನಿಮಿಷಕ್ಕೆ ಕುಸಿದುಬಿದ್ದವನಿಗೆ ಮತ್ತೆ ಆ ಮದ್ದನ್ನು ಚರ್ಮಕ್ಕೆ ಚುಚ್ಚಿ ನೋಡುವುದೂ ಹೆದರಿಕೆಯ ಕೆಲಸ. ಅಂಥವನಿಗೆ ಮೊದಲು ರಕ್ತ ಪರೀಕ್ಷಿಸಿ ‘ಉಂಟು’ ಎಂದು ಬಂದರೆ, ಕಥೆಯೂ ಕಾಗದವೂ ಒಂದಕ್ಕೊಂದು ಹೊಂದುತ್ತವೆ, ಮುಂದೆ ಹೋಗಬೇಕಾಗಿಲ್ಲ. ಕಥೆ ಬಲವಾಗಿದ್ದರೆ ಕಾಗದಕ್ಕೂ ಬಲ. ಕಥೆಯಿಲ್ಲದೆ ಬರಿಯ ಕಾಗದವೆಂದರೆ ಖಾತೆ ನಂಬರಿಲ್ಲದ ಚೆಕ್ಕು.

ಹೊತ್ತಿನ ಪ್ರಶ್ನೆಯೂ ಉಂಟು. ಈ ಐಜಿಇ ಶಾಶ್ವತವಲ್ಲ, ವರ್ಷ ಕಳೆದಂತೆ ಕರಗುತ್ತದೆ. ನಿಜವಾಗಿ ಪೆನಿಸಿಲಿನ್ ಅಲರ್ಜಿ ಇದ್ದವರಲ್ಲಿಯೂ ಹತ್ತು ವರ್ಷ ಮದ್ದು ತಾಗದೆ ಕಳೆದರೆ ಸುಮಾರು ೮೦ ಶೇಕಡಾ ಮಂದಿಯಲ್ಲಿ ಅದು ಹೋಗಿರುತ್ತದೆ. ಆದುದರಿಂದ ರಕ್ತ ತೆಗೆಯುವುದಿದ್ದರೆ ತೊಂದರೆ ಆದ ಕೆಲವು ವಾರಗಳ ನಂತರ, ಕೆಲವು ತಿಂಗಳುಗಳ ಒಳಗೆ ತೆಗೆಯಬೇಕು.

ಇನ್ನು ‘ಟೋಟಲ್ ಐಜಿಇ’ ಎಂಬ ಪರೀಕ್ಷೆ. ನಮ್ಮ ಕಡೆ ಅಲರ್ಜಿ ಎಂದು ಹೇಳಿದ ಕೂಡಲೇ ಹೆಚ್ಚಾಗಿ ಮಾಡಿಸುವುದು ಇದನ್ನು. ಇದು ರಕ್ತದಲ್ಲಿರುವ ಎಲ್ಲಾ ಐಜಿಇಯ ಒಟ್ಟು ಮೊತ್ತ, ಯಾವ ಮದ್ದಿಗೆ ಎಂಬುದನ್ನು ಹೇಳುವುದೇ ಇಲ್ಲ. ಉಬ್ಬಸವಿದ್ದವರಿಗೆ, ಹೊಟ್ಟೆಯಲ್ಲಿ ಹುಳವಿದ್ದ ಮಕ್ಕಳಿಗೆ ಅದು ಏರಿಯೇ ಇರುತ್ತದೆ. ಅದು ಬಹಳ ಏರಿದ್ದರೆ ಪೆನಿಸಿಲಿನ್ ಪರೀಕ್ಷೆಯಲ್ಲಿಯೂ ಸುಳ್ಳು ‘ಉಂಟು’ ಬರಬಹುದು. ಗೇರುಬೀಜ, ಸಿಗಡಿ, ಮನೆಧೂಳು ಎಂದು ನೂರಾರು ಹೆಸರುಗಳ ಉದ್ದ ಪಟ್ಟಿಯ ಪರೀಕ್ಷೆಗೆ ಸಾವಿರಗಟ್ಟಲೆ ರೂಪಾಯಿ ಕೊಡುವವರಿದ್ದಾರೆ. ಆಂಟಿಬಯಾಟಿಕ್ ಆಗುತ್ತದೋ ಇಲ್ಲವೋ ಎಂದು ತಿಳಿಯಲಿಕ್ಕೆ ಅದನ್ನು ಮಾಡಿಸುವುದು ಹಣ ಹೊಳೆಗೆ ಎಸೆದಂತೆಯೇ.

ನಮ್ಮ ಭಾವನವರ ವಿಷಯ ಹೇಳಬೇಕು. ಅವರಿಗೆ ಮಂಗಳೂರಿನಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆ ಎಂದು ನಿಶ್ಚಯವಾಗಿತ್ತು. ಫೈಲಿನಲ್ಲಿ ಕೆಂಪು ಶಾಯಿಯಲ್ಲಿ ‘ಪೆನಿಸಿಲಿನ್ ಅಲರ್ಜಿ’. ಹುಡುಗನಾಗಿದ್ದಾಗ ಕಾಲಿನ ಗಾಯಕ್ಕೆ ಸೂಜಿ ಹಾಕಿಸಿದ ಮೇಲೆ ಮೈಮೇಲೆ ಏನೋ ಎದ್ದಿತ್ತಂತೆ ಎಂದು ಅವರ ತಾಯಿ ಹೇಳುತ್ತಿದ್ದ ಮಾತೇ ಅದರ ಆಧಾರ. ಸೋದರಳಿಯ ಓಡಾಡಿ ರಕ್ತಪರೀಕ್ಷೆ ಮಾಡಿಸಿ ತಂದ. ‘ನೆಗೆಟಿವ್’. ಮನೆಯಲ್ಲಿ ಸಂತೋಷ. ಅರಿವಳಿಕೆಯ ಡಾಕ್ಟರು ಆ ಕಾಗದವನ್ನು ಓದಿ ಪಕ್ಕಕ್ಕಿಟ್ಟು, ಅರ್ಧ ಗಂಟೆ ಪ್ರಶ್ನೆ ಕೇಳಿದರು. ಸೂಜಿ ಹಾಕಿ ಎಷ್ಟು ಹೊತ್ತಿಗೆ ಎದ್ದದ್ದು? ಉಸಿರಾಟಕ್ಕೆ ಕಷ್ಟವಾಗಿತ್ತೋ? ಆಸ್ಪತ್ರೆಯಲ್ಲಿ ಮಲಗಿಸಿದ್ದರೋ? ಆಮೇಲೆ ಯಾವಾಗಲಾದರೂ ಆ ಜಾತಿಯ ಮದ್ದು ತೆಗೆದುಕೊಂಡದ್ದುಂಟೋ? ಭಾವ ‘ಇಲ್ಲ’ ಎಂದರು. ಆಗ ಅಕ್ಕ ಬಾಯಿ ಹಾಕಿ, ‘ಹಲ್ಲು ಕೀಳಿಸಿದಾಗ ಐದು ದಿನ ಮಾತ್ರೆ ತಿಂದದ್ದು ಮರೆತಿರೋ?’ ಎಂದು ಕೇಳಿದಳು. ಮನೆಯಲ್ಲಿ ಬಿಸ್ಕತ್ತಿನ ಡಬ್ಬದಲ್ಲಿ ಅವಳು ಹಳೆಯ ಮಾತ್ರೆಗಳ ಹಾಳೆಗಳನ್ನೆಲ್ಲ ಕೂಡಿಟ್ಟಿದ್ದಾಳೆ. ನಾವೆಲ್ಲ ಅದಕ್ಕೆ ನಗಾಡುತ್ತಿದ್ದೆವು. ಮರುದಿನ ಆ ಹಾಳೆ ಬಂತು. ಅಮಾಕ್ಸಿಸಿಲಿನ್, ಪೆನಿಸಿಲಿನಿನ ತಮ್ಮನೇ. ಏನೂ ತೊಂದರೆಯಾಗಿರಲಿಲ್ಲ. ಆದರೂ ಡಾಕ್ಟರು ವಾರ್ಡಿನಲ್ಲಿ ಕುಳ್ಳಿರಿಸಿ, ಬೇಕಾದ ಸಾಮಗ್ರಿಯನ್ನೆಲ್ಲ ಹತ್ತಿರ ಇಟ್ಟುಕೊಂಡು, ಒಂದು ಮಾತ್ರೆ ಕೊಟ್ಟು ಎರಡು ಗಂಟೆ ನೋಡಿದ ಮೇಲೆಯೇ ಆ ಕೆಂಪು ಶಾಯಿಯನ್ನು ಹೊಡೆದುಹಾಕಿದ್ದು.

ಕೊನೆಯ ತೀರ್ಪು ಎಲ್ಲಾ ಕಡೆಯೂ ಹೀಗೆಯೇ ಆಗುವುದು. ೨೦೨೦ರಲ್ಲಿ ಆಸ್ಟ್ರೇಲಿಯಾದ ಮೆಲ್ಬೋರ್ನಿನ ವೈದ್ಯರು ೬೨೨ ರೋಗಿಗಳನ್ನು ಪರೀಕ್ಷಿಸಿ ಒಂದು ಸರಳ ಅಂಕ ಪದ್ಧತಿಯನ್ನು ಪ್ರಕಟಿಸಿದರು. ತೊಂದರೆ ಆಗಿ ಐದು ವರ್ಷದೊಳಗಾದರೆ ೨ ಅಂಕ. ಉಸಿರುಕಟ್ಟುವ ತೀವ್ರ ಅಲರ್ಜಿ, ಮುಖ ಊದುವುದು ಅಥವಾ ಚರ್ಮ ಸುಲಿಯುವಂಥ ಭಾರೀ ರೋಗವಾಗಿದ್ದರೆ ೨ ಅಂಕ. ಚಿಕಿತ್ಸೆ ಬೇಕಾಗಿದ್ದರೆ ೧ ಅಂಕ. ಒಟ್ಟು ಮೂರಕ್ಕಿಂತ ಕಡಿಮೆ ಬಂದವರಲ್ಲಿ ನೂರಕ್ಕೆ ೯೬ ಮಂದಿಗೆ ಅಲರ್ಜಿ ಇರಲಿಲ್ಲ. ಸೂಜಿಯಿಲ್ಲ, ರಕ್ತವಿಲ್ಲ, ಬರಿಯ ಮೂರು ಪ್ರಶ್ನೆ. ಹಾಗೆ ಕಡಿಮೆ ಅಪಾಯದವರು ಎಂದು ಕಂಡವರಿಗೆ ಆಸ್ಪತ್ರೆಯಲ್ಲೇ ಮಾತ್ರೆ ಕೊಟ್ಟು ನೋಡುತ್ತಾರೆ. ಇದನ್ನು ಮನೆಯಲ್ಲಿ ಯಾರೂ ಪರೀಕ್ಷಿಸಲಿಕ್ಕೆ ಹೋಗಬೇಡಿ. ಉಳಿದ ನಾಲ್ವರಲ್ಲಿ ನೀವು ಒಬ್ಬರೋ ಎಂದು ತಿಳಿಯುವುದು ಉಸಿರು ಕಟ್ಟಿದ ಮೇಲೆ.

ರಕ್ತಪರೀಕ್ಷೆಗೆ ಸಿಕ್ಕದ ಇನ್ನೊಂದು ಜಾತಿಯ ಅಲರ್ಜಿ ಉಂಟು. ಮದ್ದು ಸುರುಮಾಡಿ ನಾಲ್ಕೈದು ದಿನಕ್ಕೋ ವಾರಕ್ಕೋ ಏಳುವ ದದ್ದು. ಇದರಲ್ಲಿ ಐಜಿಇಗೆ ಪಾತ್ರವಿಲ್ಲ, ಆದುದರಿಂದ ಅದನ್ನು ಅಳೆದು ಉಪಯೋಗವಿಲ್ಲ. ಕೋಟ್ರೈಮಾಕ್ಸಜೋಲ್ ಮಾತ್ರೆ ತಿಂದಾಗಲೆಲ್ಲ ತುಟಿಯಲ್ಲೋ ತೊಡೆಯಲ್ಲೋ ಅದೇ ಜಾಗದಲ್ಲಿ ಕೆಂಪಾಗಿ ಉರಿದು ಕೊನೆಗೆ ಕಪ್ಪು ಕಲೆಯಾಗಿ ಉಳಿಯುವುದನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಅಂಥವರಿಗೆ ಆ ಕಲೆಯೇ ದಾಖಲೆ. ಬಾಯಿ, ಕಣ್ಣು ಹುಣ್ಣಾಗಿ ಚರ್ಮ ಸುಲಿದು ಏಳುವ ಭಯಂಕರ ರೂಪವೂ ಉಂಟು. ಅದು ಒಮ್ಮೆ ಆಗಿದ್ದರೆ ಪರೀಕ್ಷೆಗೂ ಸಹ ಆ ಮದ್ದನ್ನು ಮತ್ತೆ ಬಾಯಿಗೆ ಹಾಕಬಾರದು.

ಮೊದಲೇ ರಕ್ತ ನೋಡಿ ಎಚ್ಚರಿಸುವ ಪರೀಕ್ಷೆ ಇಲ್ಲವೇ ಇಲ್ಲ ಎಂದಲ್ಲ. ಕುಷ್ಠರೋಗಕ್ಕೆ ಕೊಡುವ ಡ್ಯಾಪ್ಸೋನ್ ಮದ್ದಿನಿಂದ ಕೆಲವರಿಗೆ ಒಂದು ತಿಂಗಳ ನಂತರ ಜ್ವರ, ದದ್ದು, ಯಕೃತ್ತಿನ ತೊಂದರೆ ಬರುತ್ತದೆ. ಎಚ್‌ಎಲ್‌ಎ-ಬಿ ೧೩:೦೧ ಎಂಬ ಹುಟ್ಟುಗುರುತು ರಕ್ತದಲ್ಲಿದ್ದವರಿಗೆ ಆ ಅಪಾಯ ಬಹಳ ಹೆಚ್ಚು ಎಂದು ೨೦೧೩ರಲ್ಲಿ ಚೀನಾದ ರೋಗಿಗಳಲ್ಲಿ ಕಂಡುಹಿಡಿದರು. ಪೆನಿಸಿಲಿನಿಗೆ ಹಾಗೆ ಮೊದಲೇ ಹೇಳುವ ಗುರುತು ಬಳಕೆಯಲ್ಲಿಲ್ಲ.

ನನ್ನ ಲೆಕ್ಕದಲ್ಲಿ ಇವೆಲ್ಲಕ್ಕಿಂತ ಬೆಲೆಯುಳ್ಳ ರಕ್ತಪರೀಕ್ಷೆ ಒಂದುಂಟು, ಅದನ್ನು ಕೇಳುವವರೇ ಕಡಿಮೆ. ಅದರ ಹೆಸರು ಟ್ರಿಪ್ಟೇಸ್. ತೀವ್ರ ಅಲರ್ಜಿಯಾದಾಗ ಒಡೆದ ಕಣಗಳಿಂದ ರಕ್ತಕ್ಕೆ ಬರುವ ವಸ್ತು ಇದು. ಕುಸಿದವನಿಗೆ ಮೊದಲು ಚಿಕಿತ್ಸೆ. ಅಡ್ರಿನಾಲಿನ್ ಸೂಜಿ ತೊಡೆಗೆ ಹಾಕುವುದರಲ್ಲಿ ಒಂದು ನಿಮಿಷವೂ ತಡವಾಗಬಾರದು. ಆಮೇಲೆ, ಒಂದೆರಡು ಗಂಟೆಯೊಳಗೆ, ಹೆಚ್ಚೆಂದರೆ ನಾಲ್ಕು ಗಂಟೆಯೊಳಗೆ, ಒಂದು ಸಣ್ಣ ಕೊಳವೆ ರಕ್ತ. ಒಂದು ದಿನ ಕಳೆದು ಗುಣವಾದ ಮೇಲೆ ಇನ್ನೊಂದು ಕೊಳವೆ. ಎರಡನೆಯ ಸಂಖ್ಯೆಯನ್ನು ೧.೨ರಿಂದ ಗುಣಿಸಿ ೨ ಕೂಡಿಸಿ; ಮೊದಲಿನದು ಅದಕ್ಕಿಂತ ಹೆಚ್ಚಿದ್ದರೆ ಅಂದು ಆ ಕಣಗಳು ಒಡೆದದ್ದು ನಿಜ. ಹೆಚ್ಚಿಲ್ಲದಿದ್ದರೆ ಅಲರ್ಜಿಯೇ ಅಲ್ಲ ಎಂದು ಮಾತ್ರ ಹೇಳುವ ಹಾಗಿಲ್ಲ. ಸೂಜಿ ಕಂಡು ತಲೆ ತಿರುಗಿದ್ದೋ, ಹೃದಯದ ತೊಂದರೆಯೋ, ಮದ್ದಿನದ್ದೋ ಎಂದು ವರ್ಷಗಳ ನಂತರ ತರ್ಕ ಮಾಡುವುದಕ್ಕಿಂತ ಆ ದಿನದ ಎರಡು ಕೊಳವೆ ಮೇಲು. ನಾಲ್ಕು ಗಂಟೆ ಕಳೆದ ಮೇಲೆ ಯಾವ ದೊಡ್ಡ ಊರಿನ ಲ್ಯಾಬಿಗೆ ಹೋದರೂ ಆ ಸಾಕ್ಷಿ ಸಿಗುವುದು ಕಷ್ಟ.

ಸೂಜಿಗೆ ಮೊದಲು ಕೈಯ ಚರ್ಮದೊಳಗೆ ಚೂರು ಮದ್ದು ಹಾಕಿ ನೋಡುವ ‘ಟೆಸ್ಟ್ ಡೋಸ್’ ನಿಮಗೆ ಗೊತ್ತೇ ಇದೆ. ಗುಳ್ಳೆ ಏಳಲಿಲ್ಲ ಎಂದರೆ ಪೂರ್ತಿ ಧೈರ್ಯ ಎಂದು ತಿಳಿಯಬಾರದು. ಅದು ಏಳದೆಯೂ ಪೂರ್ತಿ ಸೂಜಿಗೆ ತೊಂದರೆ ಆಗುವುದುಂಟು. ಸೂಜಿ ಹಾಕಿಸಿಕೊಂಡು ಬಸ್ಸಿಗೆ ಹೊತ್ತಾಯಿತೆಂದು ಓಡಬೇಡಿ, ಅರ್ಧ ಗಂಟೆ ಅಲ್ಲಿಯೇ ಬೆಂಚಿನಲ್ಲಿ ಕುಳಿತಿರಿ. ಮುಂದಿನ ಬಸ್ಸು ಬರುತ್ತದೆ.

‘ಸಂಶಯವಿದ್ದರೆ ಪೆನಿಸಿಲಿನ್ ಬೇಡ, ಬೇರೆ ಕೊಟ್ಟರಾಯಿತು, ಅದಕ್ಕಿಷ್ಟು ಮಾತು ಯಾಕೆ?’ ಎಂದು ನೀವು ಕೇಳಬಹುದು. ಸುಳ್ಳು ಹಣೆಪಟ್ಟಿಗೆ ಬೆಲೆ ತೆರಬೇಕಾಗುತ್ತದೆ. ಬ್ರಿಟನ್ನಿನಲ್ಲಿ ಪೆನಿಸಿಲಿನ್ ಅಲರ್ಜಿ ಎಂದು ದಾಖಲಾದ ೬೪ ಸಾವಿರ ಮಂದಿಯ ದಾಖಲೆ ನೋಡಿ ೨೦೧೮ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅವರಲ್ಲಿ ಮದ್ದಿಗೆ ಬಗ್ಗದ ಎಂಆರ್‌ಎಸ್‌ಎ ರೋಗಾಣುವಿನ ಸೋಂಕು ಉಳಿದವರಿಗಿಂತ ೬೯ ಶೇಕಡಾ ಹೆಚ್ಚು. ಸಾದಾ ಮದ್ದಿನ ಬದಲು ದೊಡ್ಡ ಮದ್ದುಗಳನ್ನು ಹಾಕಿದ ಪರಿಣಾಮ. ಮಕ್ಕಳಲ್ಲಿ ಗಂಟಲುನೋವಿನ ನಂತರ ಬರುವ ರ್‍ಯುಮ್ಯಾಟಿಕ್ ಜ್ವರ ಹೃದಯದ ಕವಾಟವನ್ನೇ ಕೆಡಿಸುತ್ತದೆ. ಅದು ಮರುಕಳಿಸದಂತೆ ಮೂರು ನಾಲ್ಕು ವಾರಕ್ಕೊಮ್ಮೆ ವರ್ಷಗಟ್ಟಲೆ ಹಾಕುವುದು ಪೆನಿಸಿಲಿನ್ ಸೂಜಿಯನ್ನೇ. ಯಾವುದೋ ವೈರಸ್ ಜ್ವರದ ದದ್ದನ್ನು ‘ಮದ್ದಿನದ್ದು’ ಎಂದು ಬರೆದು ಅಂಥ ಮಗುವಿನ ಸೂಜಿ ನಿಂತರೆ ನಷ್ಟ ಯಾರದ್ದು? ಬ್ಯಾಂಕಿನಲ್ಲಿ ‘ಸ್ಟಾಪ್ ಪೇಮೆಂಟ್’ ಬರೆದುಕೊಟ್ಟವರೇ ಬಂದು ರದ್ದು ಮಾಡುವವರೆಗೆ ಅದು ನಿಂತೇ ಇರುತ್ತದೆ. ಇದೂ ಹಾಗೆ. ಬರೆದದ್ದು ಒಂದು ನಿಮಿಷ, ಹೊರುವುದು ಜನ್ಮಪೂರ್ತಿ.

ಗಡಿಯಲ್ಲಿರುವ ನಮಗೆ ಇದರಲ್ಲಿ ಒಂದು ಹೆಚ್ಚಿನ ತೊಡಕುಂಟು. ಒಬ್ಬನೇ ರೋಗಿಯ ಅರ್ಧ ಕಾಗದ ಕಾಸರಗೋಡಿನಲ್ಲಿ, ಅರ್ಧ ಮಂಗಳೂರಿನಲ್ಲಿ. ೨೦೨೦ರ ಮಾರ್ಚಿನಲ್ಲಿ ಕೊರೋನಾ ಕಾಲಕ್ಕೆ ತಲಪಾಡಿಯಲ್ಲಿ ರಸ್ತೆ ಮುಚ್ಚಿ, ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೆ ಹೋದದ್ದು ನೀವು ಮರೆತಿರಲಿಕ್ಕಿಲ್ಲ. ಮಂಗಳೂರಿನಲ್ಲಿ ಫೈಲು ಇದ್ದವರು ಅಂದು ಪರಿಯಾರಕ್ಕೆ ಹೋಗಬೇಕಾಗಿ ಬಂದರೆ ಬಾಯಿಮಾತೊಂದೇ ದಾಖಲೆ. ಆದುದರಿಂದ ನಿಮ್ಮ ಕಿಸೆಯಲ್ಲಿ ಒಂದು ಕಾರ್ಡು ಇರಲಿ. ‘ಅಲರ್ಜಿ’ ಎಂದು ಬರೆದರೆ ಸಾಲದು. ಮದ್ದಿನ ಹೆಸರು, ಅದೂ ಹಾಳೆಯ ಮೇಲೆ ಸಣ್ಣ ಅಕ್ಷರದಲ್ಲಿರುವ ನಿಜವಾದ ಹೆಸರು, ಯಾಕೆಂದರೆ ಮಾಕ್ಸ್, ನೋವಾಮಾಕ್ಸ್, ಆಗ್ಮೆಂಟಿನ್ ಮೂರರ ಒಳಗೂ ಇರುವುದು ಅಮಾಕ್ಸಿಸಿಲಿನ್. ಯಾವ ವರ್ಷ, ಸೂಜಿಯೋ ಮಾತ್ರೆಯೋ, ಎಷ್ಟು ಹೊತ್ತಿಗೆ ಏನಾಯಿತು, ಏನು ಚಿಕಿತ್ಸೆ ಕೊಟ್ಟರು, ಆಮೇಲೆ ಯಾವ ಆಂಟಿಬಯಾಟಿಕ್ ತೊಂದರೆಯಿಲ್ಲದೆ ತೆಗೆದುಕೊಂಡಿರಿ ಎಂಬುದೂ ಬೇಕು. ದದ್ದು ಎದ್ದರೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಅಂಗಡಿಯಲ್ಲಿ ಚೀಟಿಯಿಲ್ಲದೆ ಎರಡು ಮಾತ್ರೆ ಕತ್ತರಿಸಿ ತರುವವರಿಗೆ ಇದಾವುದೂ ಸಿಗುವುದಿಲ್ಲ. ಅಂಥ ಮಾರಾಟವನ್ನು ತಡೆಯಲಿಕ್ಕೆಂದೇ ಕೇರಳದಲ್ಲಿ ೨೦೨೪ರ ಜನವರಿಯಲ್ಲಿ ‘ಆಪರೇಷನ್ ಅಮೃತ್’ ಸುರುವಾದದ್ದು.

ಮದ್ದಿನಿಂದ ತೊಂದರೆಯಾದರೆ ರೋಗಿಯೇ ನೇರವಾಗಿ ತಿಳಿಸಲಿಕ್ಕೆ ಭಾರತ ಸರಕಾರದ ಔಷಧ ಜಾಗ್ರತೆ ಕಾರ್ಯಕ್ರಮ ಉಂಟು, ೨೦೧೦ರಿಂದ ನಡೆಯುತ್ತಿದೆ. ಅದರ ಉಚಿತ ದೂರವಾಣಿ ಸಂಖ್ಯೆ ೧೮೦೦-೧೮೦-೩೦೨೪. ಬರೆದು ಕಳುಹಿಸುವವರಿಗೆ ಫಾರಂ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಉಂಟು. ಮನೆಯಲ್ಲಿ ಯಾರಿಗೆ ಯಾವ ಅಕ್ಷರ ಬರುತ್ತದೋ ಅದರಲ್ಲಿ ತುಂಬಿಸಬಹುದು.